ಕಾಗುಣಿತದ ಬೀಗ

ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂಬುದು ಹಳೆಯ ಸುದ್ದಿ. ನನ್ನ ಕಾಗುಣಿತವೂ ನಡೆಯುವುದಿಲ್ಲ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ, ಒಂದು ಮಂಗಳವಾರ. ಮೊದಲನೆಯದನ್ನು ಹತ್ತೊಂಬತ್ತು ವರ್ಷಗಳಿಂದ ನುಂಗಿಕೊಂಡು ಬಂದಿದ್ದೇನೆ. ಎರಡನೆಯದು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. ಯಾಕೆಂದರೆ ನನ್ನ ಹೊಟ್ಟೆಪಾಡೇ ಕಾಗುಣಿತ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಬೇರೆಯವರು ಬಿಟ್ಟುಹೋದ ಒತ್ತು, ದೀರ್ಘ, ಕೊಂಬುಗಳನ್ನು ಕೆಂಪು ಪೆನ್ನಿನಲ್ಲಿ ಹಾಕಿ ಹಾಕಿ ಇಪ್ಪತ್ತಾರು ವರ್ಷ ಸವೆಸಿದ್ದೇನೆ. ಆ ಚಾಳಿ ಮನೆಗೂ ಬಂದುಬಿಟ್ಟಿದೆ. ಹೆಂಡತಿ ಬರೆದುಕೊಟ್ಟ ಸಾಮಾನಿನ ಪಟ್ಟಿಯನ್ನು ತಿದ್ದದೆ ನಾನು ಅಂಗಡಿಗೆ ಹೊರಟವನೇ ಅಲ್ಲ. (ತಿದ್ದಿದ ಮೇಲೂ ಅರ್ಧ ಸಾಮಾನು ಮರೆತು ಬರುತ್ತೇನೆ, ಆ ಮಾತು ಬೇರೆ.)

ಆ ಮಂಗಳವಾರ ಹನ್ನೊಂದು ಗಂಟೆಗೆ ನನ್ನವಳಿಗೆ ಸಂದರ್ಶನವಿತ್ತು. ಬಟ್ಟೆ ಒಗೆಯುವ ಮಷೀನು ಮಾರುವ ಒಂದು ಕಂಪನಿಗೆ, ಗ್ರಾಹಕರ ಫೋನು ಎತ್ತಿ ದೂರು ಕೇಳುವವರು ಬೇಕಾಗಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಸಂದರ್ಶನವೂ ಮೊಬೈಲಿನಲ್ಲೇ, ಮುಖ ನೋಡಿಕೊಂಡು. ಹಿಂದೆ ಅವಳು ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿದ್ದಳು. ಮಗಳನ್ನು ನೋಡಿಕೊಳ್ಳಲೆಂದು ಬಿಟ್ಟು ಹನ್ನೊಂದು ವರ್ಷವಾಯಿತು. ಈಚೆಗೆ ಹಾಕಿದ ಅರ್ಜಿಗಳಿಗೆ ಒಬ್ಬರೂ ಉತ್ತರ ಬರೆದಿರಲಿಲ್ಲ, ಇವರೊಬ್ಬರು ಕರೆದಿದ್ದರು. ಹಾಗಾಗಿ ಹಿಂದಿನ ದಿನದಿಂದಲೇ ತಯಾರಿ ನಡೆದಿತ್ತು. ಗೋಡೆಯ ಬಿರುಕು ಕಾಣಿಸದಿರಲೆಂದು ಬಿಳಿ ಹೊದಿಕೆ ಇಳಿಬಿಟ್ಟಿದ್ದಳು. ಕಿರುಗುಟ್ಟುವ ಫ್ಯಾನನ್ನು ಆರಿಸಿದ್ದಳು. ಕಿರುಗುಟ್ಟುವ ನನ್ನನ್ನೂ ಆ ಹೊತ್ತಿಗೆ ಅಡುಗೆಮನೆಯಲ್ಲಿರುವಂತೆ ಬೆಳಿಗ್ಗೆಯೇ ಕೇಳಿಕೊಂಡಿದ್ದಳು.

ಇಷ್ಟೆಲ್ಲ ನಡೆಯುತ್ತಿರುವಾಗ ಗಂಡನಾದವನು ಸುಮ್ಮನೆ ಕೂತರೆ ಚೆನ್ನಾಗಿರುತ್ತದೆಯೇ? ನಾನೂ ಏನಾದರೂ ಸಹಾಯ ಮಾಡಬೇಕು ಅನ್ನಿಸಿತು. ಎಡವಟ್ಟಾದದ್ದು ಅಲ್ಲೇ ನೋಡಿ.

ನಮ್ಮ ವೈಫೈ ನಮ್ಮೊಬ್ಬರದೇ ಅಲ್ಲ. ಮೇಲ್ಮನೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದಾರೆ. ಎಂಟು ತಿಂಗಳ ಹಿಂದೆ, ಒಂದೇ ಒಂದು ಮೇಲ್ ನೋಡಿಕೊಳ್ಳುತ್ತೇನೆ ಎಂದು ನನ್ನ ಮಗಳಿಂದ ಪಾಸ್‌ವರ್ಡ್ ಇಸಿದುಕೊಂಡರು. ಅಂದಿನಿಂದ ಅವರು ನೋಡುವ ಸಿನಿಮಾದ ಹೊಡೆದಾಟ ನಮ್ಮ ಚಾವಣಿಯಲ್ಲಿ ಕೇಳಿಸುತ್ತದೆ, ನಮ್ಮ ಫೋನಿನಲ್ಲಿ ಮಾತ್ರ ಬರೀ ಚಕ್ರ ತಿರುಗುತ್ತದೆ. ಸಾಲದ್ದಕ್ಕೆ ಅವರಿಗೂ ಮಹಾಪ್ರಾಣಕ್ಕೂ ಆಗಿಬರುವುದಿಲ್ಲ. ‘ಇಲ್ಲಿ ಸೈಕಲ್ ನಿಲ್ಲುಸ್ಬೇಡಿ, ದನ್ಯವಾದ’ ಎಂದು ಮೆಟ್ಟಿಲ ಬಳಿ ಬರೆದು ಅಂಟಿಸಿದ್ದಾರೆ. ಮಹಾಪ್ರಾಣ ಬಾರದ ಮನುಷ್ಯ ದಿನವೂ ಹೀಗೆ ನನ್ನ ಪ್ರಾಣ ತಿನ್ನುತ್ತಿದ್ದರು.

ಸಂದರ್ಶನದ ಹೊತ್ತಿನಲ್ಲಿ ಅವರು ಮೇಲೆ ಹೊಡೆದಾಟ ಶುರು ಮಾಡಿಕೊಂಡರೆ ಇವಳ ಗತಿಯೇನು? ಒಂಬತ್ತೂವರೆಗೆ ನನಗೊಂದು ದಿವ್ಯಜ್ಞಾನ ಹೊಳೆಯಿತು. ಪಾಸ್‌ವರ್ಡ್ ಬದಲಿಸಿಬಿಡುವುದು. ಅದೂ ಎಂಥ ಪಾಸ್‌ವರ್ಡು? ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡ ಪದ, ಮೇಷ್ಟ್ರು ಏಳು ಜನ್ಮ ಎತ್ತಿದರೂ ಸರಿಯಾಗಿ ಬರೆಯಲಾರದ್ದು. ಕಾಗುಣಿತ! ಕಾಗುಣಿತ ಬಾರದವರಿಗೆ ಕಾಗುಣಿತದ್ದೇ ಬೀಗ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ನನ್ನ ಫೋನಿನಲ್ಲಿ ರೌಟರಿನ ಪುಟ ತೆರೆಯುವುದನ್ನು ಮಗಳು ಹಿಂದೆಯೇ ತೋರಿಸಿಕೊಟ್ಟಿದ್ದಳು. ಪಾಸ್‌ವರ್ಡಿನ ಜಾಗದಲ್ಲಿ ಪದವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒಂದೊಂದೇ ಅಕ್ಷರವನ್ನು ಒಂದೇ ಬೆರಳಿನಿಂದ ಕುಟ್ಟಿದೆ. ಅಕ್ಷರ ಕಾಣಿಸಲಿಲ್ಲ, ಬರೀ ಚುಕ್ಕಿಗಳು. ಇನ್ನೊಮ್ಮೆ ಹಾಕಿ ಎಂದು ಕೇಳಿತು. ಇನ್ನೊಮ್ಮೆಯೂ ಗಟ್ಟಿಯಾಗಿ ಹೇಳಿಕೊಂಡು ಹಾಕಿದೆ. ಎರಡೂ ಹೊಂದಿದವು, ರೌಟರಿನ ಪೆಟ್ಟಿಗೆಯ ದೀಪಗಳು ಆರಿ ಹತ್ತಿದವು, ಮನೆಯ ಮೂರೂ ಫೋನುಗಳು ವೈಫೈ ಕಳೆದುಕೊಂಡು ಅನಾಥವಾದವು. ಮೇಲ್ಗಡೆ ಹೊಡೆದಾಟವೂ ಗಪ್‌ಚಿಪ್ಪಾಯಿತು. ಆ ಕ್ಷಣ ನಾನು ಪಟ್ಟ ಸಂತೋಷವನ್ನು ಈಗ ನೆನೆದರೆ ನನಗೇ ಅಯ್ಯೋ ಅನ್ನಿಸುತ್ತದೆ.

ಏಕೆಂದರೆ ಆಮೇಲೆ ನನ್ನ ಫೋನಿನಲ್ಲಿ ಅದೇ ಪದವನ್ನು ಹಾಕಿದೆ. ಕೆ, ಎ, ಎ, ಜಿ, ಯು, ಎನ್, ಐ, ಟಿ, ಎ. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದಿತು. ಇಪ್ಪತ್ತಾರು ವರ್ಷ ನಾನು ಊರವರ ಕರಡುಗಳ ಅಂಚಿನಲ್ಲೆಲ್ಲ ಬರೆದ ಮಾತನ್ನು, ಒಂದು ಅಂಗೈಯಗಲದ ಯಂತ್ರ ನನಗೇ ಹೇಳಿತು. ಮತ್ತೆ ಹಾಕಿದೆ, ಮತ್ತೆ ತಪ್ಪು. ಮಗಳ ಫೋನಿನಲ್ಲಿ ಹಾಕಿಸಿದೆ, ತಪ್ಪು. ತಪ್ಪು ಇರುವುದು ಪೆಟ್ಟಿಗೆಯಲ್ಲೇ ಎಂದು ನಾನು ತೀರ್ಪು ಕೊಟ್ಟೆ.

ಪೆಟ್ಟಿಗೆಗೆ ಎರಡು ಕೊಂಬುಗಳಿವೆ. ಕೊಂಬು ಎಂದರೆ ನನ್ನ ಇಲಾಖೆ. ಎರಡನ್ನೂ ನೆಟ್ಟಗೆ ನಿಲ್ಲಿಸಿದೆ, ಅಡ್ಡ ಮಲಗಿಸಿದೆ, ಒಂದು ನೆಟ್ಟಗೆ ಒಂದು ಅಡ್ಡ ಮಾಡಿದೆ. ಸ್ವಿಚ್ ಆರಿಸಿ ಇಪ್ಪತ್ತು ಎಣಿಸಿ ಹಾಕಿದೆ. ಸ್ಟೂಲು ಹತ್ತಿ ಬೀರುವಿನ ಮೇಲಿಟ್ಟೆ, ಅಲ್ಲಿಂದ ಧೂಳಿನ ಸಮೇತ ಇಳಿಸಿದೆ. ಹಸಿರು ದೀಪ ಮಾತ್ರ ನನ್ನನ್ನು ನೋಡಿ ನಗುತ್ತಲೇ ಇತ್ತು.

ಮನೆಯೊಳಗೆ ನಮ್ಮ ಫೋನುಗಳಿಗೆ ಸಿಗ್ನಲ್ ಸಿಗುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ಮಾತಿಗಷ್ಟೇ ಸಿಗುತ್ತದೆ, ಮುಖ ನೋಡಬೇಕೆಂದರೆ ಮೂಗು ಒಂದು ಕಡೆ ಕಿವಿ ಒಂದು ಕಡೆ. ಆ ಮೆಟ್ಟಿಲ ಮೇಲೆ ಕೂತು ವೈಫೈ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಇದಕ್ಕೆ ಒಂದನ್ನು ಒತ್ತಿ, ಅದಕ್ಕೆ ಎರಡನ್ನು ಒತ್ತಿ ಎಂದು ಶುರುವಾಯಿತು. ಒತ್ತುಗಳಲ್ಲಿ ನುರಿತ ಕೈ, ಹೇಳಿದ್ದನ್ನೆಲ್ಲ ಒತ್ತಿದೆ. ಕೊನೆಗೆ ಸಿಕ್ಕ ಹುಡುಗಿ ಬಹಳ ಮರ್ಯಾದಸ್ಥೆ. ತಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ, ಪಾಸ್‌ವರ್ಡ್ ಇಟ್ಟವರಿಗೇ ಅದು ಗೊತ್ತಿರುತ್ತದೆ, ಅವರನ್ನೇ ಕೇಳಿ ಸರ್ ಎಂದಳು. ಇಟ್ಟವನು ನಾನೇ ಎನ್ನಲು ನಾಲಿಗೆ ಏಳಲಿಲ್ಲ. ಅವರು ಊರಲ್ಲಿಲ್ಲ ಎಂದುಬಿಟ್ಟೆ. ಹಾಗಾದರೆ ಹಿಂದಿನ ತೂತಿಗೆ ಪಿನ್ನು ಚುಚ್ಚಿ ಎಲ್ಲವನ್ನೂ ಅಳಿಸಬಹುದು, ಆದರೆ ಅಳಿಸಿದ ಮೇಲೆ ನಮ್ಮವರೇ ಬಂದು ಹೊಸದಾಗಿ ಜೋಡಿಸಬೇಕು, ನಾಳೆ ಮಧ್ಯಾಹ್ನ ಆಗಬಹುದು ಎಂದಳು. ಆಗ ಗಂಟೆ ಹತ್ತೂಕಾಲು.

ಅಷ್ಟರಲ್ಲಿ ಮೇಲಿನಿಂದ ಮೇಷ್ಟ್ರು ಇಳಿದು ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಅಸಮಾಧಾನ. ನಮ್ಮ ವೈಫೈ ಈಚೆಗೆ ಸರಿಯಿಲ್ಲವೆಂದೂ, ನಾವು ಕಂಪನಿಯವರನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೂ ನನಗೆ ಬುದ್ಧಿ ಹೇಳಿದರು. ರಿಪೇರಿ ನಡೆಯುತ್ತಿದೆ ಎಂದೆ. ಬೇಗ ಆಗಲಿ, ಅರ್ಧಕ್ಕೆ ನಿಂತಿದೆ ಎಂದು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕಾಯುತ್ತ ಕೂತರು.

ಒಳಗೆ ಮಗಳು ಕಾಗುಣಿತವನ್ನು ಗುಣಿಸಲು ಶುರು ಮಾಡಿದ್ದಳು. ಹತ್ತನೇ ತರಗತಿಯ ಹುಡುಗಿ, ಲೆಕ್ಕದಲ್ಲಿ ಚುರುಕು. ಕಾ ಎನ್ನುವುದಕ್ಕೆ ಎ ಒಂದೋ ಎರಡೋ, ಣ ಎನ್ನುವುದಕ್ಕೆ ಎನ್ ಚಿಕ್ಕದೋ ದೊಡ್ಡದೋ, ತ ಎನ್ನುವುದಕ್ಕೆ ಎಚ್ ಇದೆಯೋ ಇಲ್ಲವೋ, ಮೊದಲಕ್ಷರ ದೊಡ್ಡದೋ ಚಿಕ್ಕದೋ, ಒಟ್ಟು ಹದಿನಾರು ಎಂದು ಹಾಳೆಯ ಮೇಲೆ ಬರೆದಳು. ತ ಅಲ್ಪಪ್ರಾಣ, ಅದಕ್ಕೆ ಎಚ್ ಹಾಕುವುದು ಮಹಾಪರಾಧ ಎಂದು ಎಂಟನ್ನು ನಾನು ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ.

“ಅಪ್ಪಾ, ಇದು ಪರೀಕ್ಷೆ ಅಲ್ಲ,” ಎಂದಳು ಮಗಳು. “ಬೀಗ ತೆಗೀಬೇಕು ಅಷ್ಟೆ.”

ಹದಿನಾರನ್ನೂ ಹಾಕಿ ನೋಡಿದೆವು. ಹದಿನಾರೂ ತಪ್ಪು. ತಲೆಕಟ್ಟಿನ ಮಾತಿರಲಿ, ನನ್ನ ತಲೆಯೇ ಕೆಟ್ಟಿತು.

ಹತ್ತೂ ಮುಕ್ಕಾಲಿಗೆ ನನ್ನವಳು ನೀಲಿ ಬಟ್ಟೆಯುಟ್ಟು, ತಲೆ ಬಾಚಿ ಕೋಣೆಯಿಂದ ಬಂದಳು. ಸ್ಟೂಲು, ಧೂಳು, ಹಾಳೆಗಳ ನಡುವೆ ಕೂತಿದ್ದ ನಮ್ಮಿಬ್ಬರನ್ನೂ ನೋಡಿದಳು. ನಾನು ನನ್ನ ಮಹಾಯೋಜನೆಯನ್ನು ಮೊದಲಿನಿಂದ ವಿವರಿಸಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಿಳಿ ಹೊದಿಕೆಯ ಮುಂದಿನ ಕುರ್ಚಿಯಲ್ಲಿ ಮೆಲ್ಲಗೆ ಕೂತಳು.

“ಹನ್ನೊಂದು ವರ್ಷ ಆಯ್ತು ರೀ,” ಎಂದಳು. “ಟವೆಲ್ ಎಲ್ಲಿ, ಉಪ್ಪು ಯಾಕೆ ಕಮ್ಮಿ, ಇದು ಬಿಟ್ಟು ಯಾರೂ ನನ್ನನ್ನ ಏನೂ ಕೇಳಿಲ್ಲ. ಇವತ್ತೊಂದಿನ ಕೇಳೋರಿದ್ರು.”

ನನಗೆ ನಾಚಿಕೆಯಾಯಿತು. ಟವೆಲ್ ಎಲ್ಲಿ ಎಂದು ಆ ದಿನ ಬೆಳಿಗ್ಗೆಯೂ ಕೇಳಿದ್ದವನು ನಾನೇ. ಮೇಷ್ಟ್ರ ಸಿನಿಮಾ ನಿಲ್ಲಿಸಲು ಹೋಗಿ ಹೆಂಡತಿಯ ಬಾಳಿಗೆ ಅಡ್ಡಗಾಲು ಹಾಕಿದ್ದೆ. ಪೆಟ್ಟಿಗೆಯ ಕೊಂಬನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದೆ.

ಅವಳು, ಪಾಸ್‌ವರ್ಡ್ ಹಾಕುವಾಗ ಬಾಯಲ್ಲಿ ಏನು ಹೇಳಿಕೊಂಡಿರಿ ಎಂದು ಕೇಳಿದಳು. ಇನ್ನೇನು, ಕಾಗುಣಿತ ಎಂದೇ ಹೇಳಿಕೊಂಡೆ ಎಂದೆ.

“ಇಲ್ಲ, ನಾನು ಅಡುಗೆಮನೇಲಿದ್ದೆ, ಕೇಳಿಸ್ಕೊಂಡೆ. ಹತ್ತೊಂಬತ್ತು ವರ್ಷದಿಂದ ದಿನಾ ಕೇಳ್ತಿದೀನಿ. ನೀವು ಯಾವತ್ತೂ ಹಾಗನ್ನಲ್ಲ.”

ಅವಳು ತನ್ನ ಫೋನು ತೆಗೆದುಕೊಂಡು ಎಂಟು ಅಕ್ಷರ ಕುಟ್ಟಿದಳು. ವೈಫೈ ಬಂತು. ಆಗ ಗಂಟೆ ಹನ್ನೊಂದಕ್ಕೆ ಐದು ನಿಮಿಷ. ಅವಳು ಒಂದು ಕ್ಷಣವೂ ತಡಮಾಡದೆ ಇನ್ನೆರಡು ಕಡೆ ಒತ್ತಿ, ಫೋನನ್ನು ಎದುರಿನ ಪುಸ್ತಕಗಳಿಗೆ ಆನಿಸಿ ನಿಲ್ಲಿಸಿದಳು. ನಾನು ಫೋನಿನ ಹಿಂದಿದ್ದೆ. ಅದರ ಮುಖದಲ್ಲಿ ಏನಿದೆ ಎಂದು ನನಗೆ ಕಾಣಿಸುತ್ತಿರಲಿಲ್ಲ.

“ಏನು ಹಾಕಿದೆ?” ಎಂದೆ.

“ನೀವು ಹೇಳಿದ್ದನ್ನೇ. ಕಾಗುಣ್ತ.”

ಕಾಗುಣ್ತ! ನನ್ನ ಮೈ ಉರಿದುಹೋಯಿತು. ಅದು ಪದವೇ ಅಲ್ಲ, ಣಕಾರಕ್ಕೆ ಗುಡಿಸು ಎಲ್ಲಿ ಹೋಯಿತು, ಯಾವ ಪುಸ್ತಕದಲ್ಲಿದೆ ತೋರಿಸು ಎಂದೆ. ನಾನು ಹಾಗೆ ಹಾಕಿರಲು ಸಾಧ್ಯವೇ ಇಲ್ಲ, ಎರಡೆರಡು ಸಲ ಹಾಕಿದ್ದೇನೆ ಎಂದೆ. (ಎರಡು ಸಲ ಮಾಡಿದ ತಪ್ಪು ಎರಡು ತಪ್ಪೇ ಎಂಬುದು ಆಮೇಲೆ ಹೊಳೆಯಿತು.) ಯಂತ್ರ ತಪ್ಪು ಪದವನ್ನು ಒಪ್ಪಿಕೊಂಡಿದೆ, ಎರಡು ನಿಮಿಷ ಕೊಡು, ಎಲ್ಲ ಕಿತ್ತು ಸರಿಯಾದ್ದನ್ನು ಹಾಕಿ ಕೊಡುತ್ತೇನೆ ಎಂದು ಪೆಟ್ಟಿಗೆಗೆ ಕೈ ಹಾಕಿದೆ.

ಅವಳು ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಎತ್ತಲಿಲ್ಲ.

“ನಿಮಗೆ ಬೇಜಾರಾಗಿದೆ, ನನಗೆ ಅರ್ಥ ಆಗುತ್ತೆ,” ಎಂದಳು. “ನೀವು ಹೇಳೋದು, ಪದದಲ್ಲಿ ಒಂದು ಅಕ್ಷರ ಕಮ್ಮಿ ಇದೆ, ಅದನ್ನ ಸರಿಮಾಡ್ಬೇಕು ಅಂತ. ಅಷ್ಟೇ ತಾನೇ?”

ಅಷ್ಟೇ ಎಂದೆ. ಕೊನೆಗೂ ಒಬ್ಬರಿಗೆ ನನ್ನ ಕಷ್ಟ ತಿಳಿಯಿತಲ್ಲ ಎಂದು ಅರ್ಧ ಸಿಟ್ಟು ಇಳಿಯಿತು.

“ನಿಮ್ಮ ದೂರು ಬರ್ಕೊಂಡಿದೀನಿ. ಹನ್ನೆರಡೂವರೆಗೆ ಇಬ್ಬರೂ ಕೂತು ನೋಡೋಣ. ಅಲ್ಲೀತನಕ ಆ ಪೆಟ್ಟಿಗೆ ಅಲ್ಲೇ ಇರ್ಲಿ, ನೀವು ಅಡುಗೆಮನೇಲಿ ಒಂದು ಲೋಟ ನೀರು ಕುಡೀರಿ.”

ಆಗಲಿ ಎಂದು ಹೊರಟೆ. ಅವಳು ಒಂದು ಮಾತನ್ನೂ ಒಪ್ಪಿಲ್ಲ ಎಂದು ಹೊಳೆಯುವಷ್ಟರಲ್ಲಿ ನೀರು ಅರ್ಧ ಕುಡಿದಾಗಿತ್ತು. ಅದೇ ಹೊತ್ತಿಗೆ ನಡುಮನೆಯಲ್ಲಿ ಯಾರೋ ನಕ್ಕರು. ನನ್ನವಳಲ್ಲ, ಮಗಳಲ್ಲ. ಎರಡು ಹೊಸ ದನಿ.

“ಮೇಡಂ,” ಎಂದಿತು ಒಂದು ದನಿ, ಫೋನಿನೊಳಗಿನಿಂದ. “ತಪ್ಪು ತಮ್ಮದೇ ಆದ್ರೂ ಒಪ್ಪದ ಗ್ರಾಹಕರನ್ನ ಹೇಗೆ ಸಂಭಾಳಿಸ್ತೀರಿ ಅಂತ ಒಂದು ಪ್ರಶ್ನೆ ಇಟ್ಕೊಂಡಿದ್ವಿ. ಅದನ್ನ ಬಿಟ್ಬಿಡೋಣ.”

ನೀರು ನೆತ್ತಿಗೆ ಹತ್ತಿತು. ಕೆಮ್ಮಲೂ ಹೆದರಿ ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. (ಅದು ಎಲ್ಲಿತ್ತೆಂದು ಯಾರನ್ನೂ ಕೇಳಲಿಲ್ಲ.) ಆಮೇಲೆ ಮುಕ್ಕಾಲು ಗಂಟೆ ಅವರು ಅವಳನ್ನು ಪ್ರಶ್ನೆ ಕೇಳುತ್ತಲೇ ಇದ್ದರು, ಅವಳು ಹೇಳುತ್ತಲೇ ಇದ್ದಳು. ಆಸ್ಪತ್ರೆಯ ಕೌಂಟರಿನ ದಿನಗಳ ಆ ದನಿಯನ್ನು ನಾನು ಮರೆತೇಬಿಟ್ಟಿದ್ದೆ. ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತ ನನಗೆ ನಿಜಕ್ಕೂ ಹೆಮ್ಮೆಯಾಯಿತು, ಅದರಲ್ಲಿ ನನ್ನದೇನೂ ಪಾಲಿಲ್ಲದಿದ್ದರೂ.

ಮಧ್ಯಾಹ್ನ ಮೇಲೆ ಹೊಡೆದಾಟ ಮತ್ತೆ ಶುರುವಾಯಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತೇ ನಮ್ಮ ಜಗಳ ಕೇಳಿಸಿಕೊಂಡಿದ್ದರು. ಅವರು ಮಾತಾಡಿದ ಹಾಗೇ ಬರೆಯುವವರು. ಕಾಗುಣ್ತ ಎಂದು ಹಾಕಿದರು, ಒಂದೇ ಏಟಿಗೆ ತೆರೆಯಿತು. ಅದನ್ನು ಬದಲಿಸಲು ಮನೆಯಲ್ಲಿ ನನಗಿನ್ನೂ ಅನುಮತಿ ಸಿಕ್ಕಿಲ್ಲ.

ಶುಕ್ರವಾರ ಅವಳಿಗೆ ಕೆಲಸ ಸಿಕ್ಕಿತೆಂದು ಕಾಗದ ಬಂತು. ಮುಂದಿನ ವಾರ ಇನ್ನೊಂದು ಬಂತು. ಸಂದರ್ಶನಗಳನ್ನು ಅವರು ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ಮೊದಲ ಐದು ನಿಮಿಷವನ್ನು ಹೊಸಬರ ತರಬೇತಿಗೆ ಬಳಸಿಕೊಳ್ಳಬಹುದೇ ಎಂದು ಅವಳನ್ನು ಕೇಳಿದ್ದರು, ಅವಳು ಆಗಲಿ ಎಂದಿದ್ದಳು. ನನ್ನನ್ನು ಯಾರೂ ಕೇಳಿರಲಿಲ್ಲ. ಈಗ ನಲವತ್ತು ಮಂದಿ ಸಾಲಾಗಿ ಕೂತು, ಗುಡಿಸು ಎಲ್ಲಿ ಹೋಯಿತು ಎಂದು ನಾನು ಕಿರುಚುವುದನ್ನು ಕೇಳಿ ಕಲಿಯುತ್ತಾರೆ. ಆ ಪಾಠವನ್ನು ಅವಳು ಫೋನಿನಲ್ಲಿ ನನಗೂ ತೋರಿಸಿದಳು. ಮೇಲೆ ದಪ್ಪಕ್ಷರದಲ್ಲಿ ಪಾಠದ ಹೆಸರಿತ್ತು: ‘ವಿಷೇಶ ಕಷ್ಠದ ಗ್ರಾಹಕರು.’

ಮೂರು ಪದ, ಎರಡು ತಪ್ಪು. ವಿಶೇಷದಲ್ಲಿ ಶ ಮತ್ತು ಷ ಜಾಗ ಬದಲಿಸಿಕೊಂಡಿವೆ, ಕಷ್ಟಕ್ಕೆ ಬೇಡದ ಮಹಾಪ್ರಾಣ ಅಂಟಿಕೊಂಡಿದೆ. ನಾನು ಬಾಯಿ ತೆರೆದೆ. ಇನ್ನೂ ಒಂದಕ್ಷರ ಹೊರಬಿದ್ದಿರಲಿಲ್ಲ.

“ನಿಮ್ಮ ದೂರು ಬರ್ಕೊಂಡಿದೀನಿ,” ಎಂದಳು ಅವಳು.