ಒದ್ದೆಯಲ್ಲೇ ಇಡಬೇಕಾದ ಜರಿಯ ಕುರಿತು

ಅಪೂರ್ವ ವಸ್ತು ರಕ್ಷಣಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ಸುಳ್ಳದ ರಸ್ತೆಯಲ್ಲಿ ಹಳೆಯ ಜರಿ ಸೀರೆ ಕೊಳ್ಳುವ ಗುಲಾಬಸಾಬನು ತಮಗೂ, ತಮ್ಮ ಮೇಜಿಗೂ, ಅದರ ಮೇಲೆ ಮಲಗಿರುವ ಕಡತಗಳಿಗೂ ಸಲಾಮು ಸಲ್ಲಿಸಿ, ಊರವರೂ ಓದಲೆಂದು ಬಹಿರಂಗವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಅರ್ಜಿಗೆ ಒಂಬತ್ತೇ ದಿನಗಳಲ್ಲಿ ಕ್ರಮ ಕೈಗೊಂಡ ತಮ್ಮ ವೇಗಕ್ಕೆ ನಾನು ಬೆರಗಾಗಿದ್ದೇನೆ. ಇಷ್ಟು ಲಗುಬಗೆಯಿಂದ ತಪ್ಪು ಮಾಡುವುದು ಸಾಮಾನ್ಯ ಕಚೇರಿಗಳ ಕೈಲಾಗುವ ಮಾತಲ್ಲ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ನಮ್ಮ ಹಿತ್ತಿಲ ಕಲ್ಲೊಡ್ಡಿನಲ್ಲಿ ಅಪರೂಪದ ಜರಿ ಇದೆ, ಕಾಪಾಡಿಕೊಡಿ ಎಂದು ನಾನು ಬರೆದದ್ದು ಅಂಗಡಿಯ ಹೆಸರು ಅಚ್ಚಾದ ಕಾಗದದ ಮೇಲೆ. ನಾನು ಹೇಳಿದ ಜರಿ ಕಲ್ಲಿನ ಸಂದಿಯಲ್ಲಿ ಹರಿದಾಡುವಂಥದ್ದು, ಮುಟ್ಟಿದರೆ ಕಡಿಯುವಂಥ ಹುಳ. ತಾವು ತಿಳಿದದ್ದು ಸೀರೆಯ ಸೆರಗಿನದು.

ವಿದ್ಯಾನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪ್ರಾಚಿ ಮೇಡಮ್ಮರು ಎರಡು ವರ್ಷ ಸುತ್ತಲಿನ ಹೊಲ, ಹಳ್ಳ, ಗುಡ್ಡಗಳನ್ನೆಲ್ಲ ತಡಕಾಡಿ ಬಂದು ಹೇಳಿದರು: "ಕಾಕಾ, ಈ ಜಾತಿ ಜರಿ ನಿಮ್ಮ ಒಡ್ಡಿನ್ಯಾಗ ಬಿಟ್ರ ಮತ್ತೆಲ್ಲೂ ಸಿಕ್ಕಿಲ್ಲರಿ. ಆ ಸೋರೋ ಟಾಕಿ ಮಾತ್ರ ರಿಪೇರಿ ಮಾಡಿಸಬ್ಯಾಡ್ರಿ." ಹದಿನಾಲ್ಕು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ, ಒಂದು ಇಡೀ ಕುಲದ ದೇಶ ಅಷ್ಟೇ. ನಮ್ಮ ನೀರಿನ ಟಾಕಿ ಸೋರುವುದರಿಂದ ಅಲ್ಲಿ ಬೇಸಿಗೆಯಲ್ಲೂ ತಂಪು. ಏಳು ವರ್ಷದ ನನ್ನ ಸೋಮಾರಿತನ ವಿಜ್ಞಾನದ ಖಾತೆಗೆ ಸೇವೆಯೆಂದು ಜಮೆಯಾದದ್ದು ಕಂಡು ನನ್ನ ಹೆಂಡತಿ ಅಬೀದಾ ಮೂರು ದಿನ ನಕ್ಕಳು.

ಲೆಕ್ಕದ ಚಟದವನಾದ್ದರಿಂದ ನಾನೂ ಎಣಿಸಿದೆ. ಪುಸ್ತಕದಲ್ಲಿ ಶತಪದಿ ಎಂದು ಹೆಸರು, ಕಾಲು ನಲವತ್ತೆರಡೇ. ಉಳಿದ ಐವತ್ತೆಂಟು ಎಲ್ಲಿ ಹೋದವೆಂದು ತಾವು ವಿಚಾರಣೆ ನಡೆಸಬೇಕಾಗಿ ಕೋರಿಕೆ.

ಹೀಗಿರಲು ತಮ್ಮ ನೌಕರರಾದ ಹನುಮಂತಪ್ಪನವರು ಬಂದು, ಒಡ್ಡಿನ ಮೇಲೆ ಹನಿ ನೀರೂ ಇಳಿಯದ ದಪ್ಪ ತಾಡಪತ್ರಿ ಹೊದಿಸಿ, ನಾಲ್ಕು ಮೂಲೆಗೂ ಗಂಟು ಬಿಗಿದು, ಗಂಟುಗಳಿಗೆ ಅರಗಿನ ಮುದ್ರೆ ಒತ್ತಿ, ಟಾಕಿಯ ಬಿರುಕಿಗೆ ಸಿಮೆಂಟು ಮೆತ್ತಿ, ತಮ್ಮ ಸುತ್ತೋಲೆ ಕೈಗಿತ್ತರು. ಜರಿಯನ್ನು ಒಣ ಜಾಗದಲ್ಲಿ ಇಡತಕ್ಕದ್ದು, ನುಸಿ ಹತ್ತದಂತೆ ಡಾಂಬರ ಗುಳಿಗೆ ಹಾಕತಕ್ಕದ್ದು, ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸತಕ್ಕದ್ದು, ಮುದ್ರೆ ಒಡೆದವರನ್ನು ಶಿಕ್ಷಿಸತಕ್ಕದ್ದು. ಅಯ್ಯಾ, ಇದು ಹುಳ ಎಂದು ನಾನು ಅಂಗಲಾಚಿದೆ. ಅವರು ಬಹಳ ಮರ್ಯಾದೆಯಿಂದ, "ಹುಳ ಬಿದ್ದೈತಿ ಅಂದ್ರ ಇನ್ನೊಂದು ಹಿಡಿ ಗುಳಿಗಿ ಹಾಕ್ತೇನಿ, ತಗೋರಿ" ಎಂದು ಹಾಕಿಯೇ ಹೋದರು.

ಮೊದಲು ಹನ್ನೊಂದು ಜರಿ ಎಣಿಸಿದ್ದ ಮೇಡಮ್ಮರು ಇಂದು ಮುಂಜಾನೆ ತಾಡಪತ್ರಿಯ ಅಂಚಿನಿಂದ ಬ್ಯಾಟರಿ ಬಿಟ್ಟು ನೋಡಿದರೆ ಕಂಡದ್ದು ನಾಲ್ಕು. ಅದರಲ್ಲೊಂದು ತಾಯಿ, ಚಪ್ಪಟೆ ಕಲ್ಲಿನ ಕೆಳಗೆ ಮೊಟ್ಟೆಗಳನ್ನು ಸುತ್ತಿಕೊಂಡು ಕೂತಿದೆ. ಅದು ಮೊಟ್ಟೆ ಬಿಟ್ಟು ಕದಲುವುದಿಲ್ಲ. ತೇವ ಆರಿದರೆ ಮೊಟ್ಟೆ ಉಳಿಯುವುದಿಲ್ಲ. ಹೆಚ್ಚೆಂದರೆ ಇನ್ನೆರಡು ದಿನ ಎಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಆದ್ದರಿಂದ ತಾವು ದಯವಿಟ್ಟು ತಾಡಪತ್ರಿ ತೆಗೆಸಿ, ನಮ್ಮ ಸೋರಿಕೆಯನ್ನು ಯಥಾಸ್ಥಿತಿಗೆ ತಂದುಕೊಡಬೇಕು. ಅದು ನಿಯಮದಲ್ಲಿ ಕೂಡದಿದ್ದರೆ, ಕಡತ ಮೇಲಿನಿಂದ ಇಳಿದು ಬರುವವರೆಗೆ ಬಿಸಿಲನ್ನು ರಜೆಯ ಮೇಲೆ ಕಳಿಸಬೇಕು, ಇಲ್ಲವೇ ತಡೆದುಕೊಂಡಿರುವಂತೆ ಮೊಟ್ಟೆಗಳಿಗೆ ಒಂದು ನೋಟಿಸು ಕೊಡಬೇಕು.

ಒಣ ಜರಿ ಕೊಳ್ಳುವ, ಹಸಿ ಜರಿ ಕಾಯುವ,
ತಮ್ಮ ವಿಶ್ವಾಸಿ,
ಗುಲಾಬಸಾಬ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಜೋರು ಗಾಳಿ ಬೀಸಿತು. ಅದು ನಾಲ್ಕೂ ಮುದ್ರೆ ಒಡೆದು, ಗಂಟು ಬಿಚ್ಚಿ, ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬಿ, ಟಾಕಿಯ ಸಿಮೆಂಟನ್ನು ಉಳಿಯಿಂದ ಕೆತ್ತಿ ಹೋಗಿದೆ. ಕಲ್ಲುಗಳು ಒದ್ದೆಯಾಗಿವೆ, ತಾಯಿ ಇದ್ದಲ್ಲೇ ಇದೆ. ಗಾಳಿಯ ಮೇಲೆ ತಾವು ಮೊಕದ್ದಮೆ ಹೂಡುವುದಾದರೆ ಸಾಕ್ಷಿಗೆ ಅಬೀದಾ ಬರುತ್ತಾಳೆ. ಗಾಳಿಗೆ ಉಳಿ ಹುಡುಕಿಕೊಟ್ಟವಳೂ ಅವಳೇ.