ಅಧ್ಯಕ್ಷರ ಹಿತ್ತಲಿನ ಗಂಗಮ್ಮ

ಬೇರೆಯವರ ಬಾಳಿನಲ್ಲಿ ಹಬ್ಬ ಹುಣ್ಣಿಮೆ ಬರುವ ಹಾಗೆ ನನ್ನ ಬಾಳಿನಲ್ಲಿ ಎದೆ ಧಸಕ್ಕೆನ್ನುವ ಸಂಗತಿಗಳು ಬರುತ್ತಲೇ ಇರುತ್ತವೆ. ನಾನೇನೂ ಅವನ್ನು ಹುಡುಕಿಕೊಂಡು ಹೋದವಳಲ್ಲ. ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು, ಸಂಜೆ ಮನೆಗೆ ಹೋಗಿ ಅತ್ತೆಗೆ ಕಾಫಿ ಮಾಡಿಕೊಡುತ್ತಿದ್ದವಳು. ಈಗ ನನ್ನ ಜೊತೆಯವರೆಲ್ಲ ಸೇರಿದಾಗ ಒಬ್ಬೊಬ್ಬರೂ ರ‍್ಯಾಂಕ್ ಬಂದ ಶಿಷ್ಯೆಯರ ಮಾತಾಡುತ್ತಾರೆ. ನನಗೆ ಮೊದಲು ನೆನಪಾಗುವುದು ಶಾಲೆಯ ಸೆಪ್ಟಿಕ್ ಟ್ಯಾಂಕು. ಏನು ಮಾಡಲಿ, ನನ್ನ ಹಣೆಬರಹ.

ಕಾಣೆಯಾದ ಟ್ಯಾಂಕು

ಐವತ್ತರ ದಶಕದ ಕೊನೆಯ ಮಾತು. ನಮ್ಮ ಶಾಲೆ ಒಂದು ಹಳೆಯ ಬಂಗಲೆಯಲ್ಲಿತ್ತು. ಒಂಬತ್ತನೇ ತರಗತಿಯವರೆಗೆ ಮಾತ್ರ ಅನುಮತಿ. ಹತ್ತನೆಯದನ್ನು ತೆರೆಯಬೇಕೆಂದರೆ, ಶಾಲೆಯ ಕೊಳೆನೀರಿನ ವ್ಯವಸ್ಥೆ ನಿಯಮದ ಪ್ರಕಾರ ಇದೆ ಎಂದು ಮುನಿಸಿಪಾಲಿಟಿಯ ಹೆಲ್ತ್ ಇನ್‌ಸ್ಪೆಕ್ಟರು ಒಪ್ಪಬೇಕಿತ್ತು. ಜೂನ್ ಒಳಗೆ ಅದು ಆಗದಿದ್ದರೆ ನಮ್ಮ ಹುಡುಗಿಯರು ಗಂಡುಹುಡುಗರ ಹೈಸ್ಕೂಲಿಗೆ ಹೋಗಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಹೂಟಗಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಒಬ್ಬ ಜಾಣ ಹುಡುಗಿಯ ಅಪ್ಪ ನನ್ನೆದುರೇ ಹೇಳಿದ್ದ: “ಇಲ್ಲೇ ಕ್ಲಾಸಾದ್ರೆ ಓದ್ಲಿ ಕಣವ್ವ. ಗಂಡುಡುಗ್ರ ಜೊತೇಲಿ ಕೂರ್ಸಕ್ಕಾಯ್ತದಾ? ಜೂನ್ ಗಂಟ ನೋಡ್ತೀನಿ, ಇಲ್ದಿದ್ರೆ ಮದ್ವೆ ಮಾಡ್ಬುಡ್ತೀನಿ.” ಇನ್ನೂ ಲಂಗ ಕುಣಿಸಿಕೊಂಡು ಓಡಾಡುವ ಹುಡುಗಿ. ನನಗೆ ಅವತ್ತು ಊಟ ಸೇರಲಿಲ್ಲ.

ಇನ್‌ಸ್ಪೆಕ್ಟರು ಕೊಡೆ ಹಿಡಿದುಕೊಂಡು ಬಂದರು. “ಟ್ಯಾಂಕ್ ಎಲ್ಲಿದೆ ತೋರಿಸಿ” ಅಂದರು.

ಹೆಡ್‌ಮಿಸ್ಟ್ರೆಸ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ಎಲ್ಲೋ ಇರಬೇಕು” ಅಂದರು ಹೆಡ್‌ಮಿಸ್ಟ್ರೆಸ್. “ಇಷ್ಟು ವರ್ಷ ಎಲ್ಲ ಸಲೀಸಾಗಿ ಹೋಗ್ತಾನೇ ಇದೆಯಲ್ಲ.”

“ಎಲ್ಲಿಗೆ ಹೋಗ್ತಿದೆ ಅನ್ನೋದೇ ಪ್ರಶ್ನೆ, ಮೇಡಂ.”

“ಹೋಗಿದ್ದರ ಚಿಂತೆ ಯಾಕೆ ಸಾರ್. ಏನಿದ್ದರೂ ಇವರನ್ನ ಕೇಳಿ, ವಿಜ್ಞಾನ ಇವರದ್ದು” ಎಂದು ನನ್ನನ್ನು ಮುಂದಕ್ಕೆ ದೂಡಿ ಅವರು ಒಳಗೆ ನಡೆದರು. ಹೀಗೆ ಸೆಪ್ಟಿಕ್ ಟ್ಯಾಂಕು ನನ್ನ ಪಾಲಿಗೆ ಬಂತು.

ಇನ್‌ಸ್ಪೆಕ್ಟರು ಕೊಡೆಯ ತುದಿಯಿಂದ ಅಂಗಳವನ್ನೆಲ್ಲ ಕುಟ್ಟುತ್ತಾ ಹೋದರು. ಹಿಂದೆ ನಾನು, ನನ್ನ ಹಿಂದೆ ಅರ್ಧ ಶಾಲೆ. ಹುಣಸೆಮರದ ಬುಡದಲ್ಲಿ ಇಲ್ಲ, ಬಾವಿಯ ಹತ್ತಿರ ಇಲ್ಲ. ಕೊನೆಗೆ ಧ್ವಜದ ಕಟ್ಟೆಯನ್ನು ಕುಟ್ಟಿದಾಗ ಒಳಗಿನಿಂದ ಟೊಳ್ಳು ಸದ್ದು ಬಂತು. ಸ್ವಾತಂತ್ರ್ಯ ಬಂದ ವರ್ಷ ಬಾವುಟ ಹಾರಿಸಲು ಸಮತಟ್ಟಾದ ಜಾಗ ಬೇಕಿತ್ತಂತೆ. ಅಂಗಳದ ನಡುವೆ ಒಂದು ಒಳ್ಳೆ ಚಪ್ಪಡಿ ಸಿದ್ಧವಾಗಿಯೇ ಇತ್ತು. ಅದರ ಮೇಲೇ ಕಟ್ಟೆ ಕಟ್ಟಿಬಿಟ್ಟಿದ್ದರು. ಸಾಲದ್ದಕ್ಕೆ, ಹಿಂದಿನ ಆಗಸ್ಟ್ ಹದಿನೈದಕ್ಕೆ ಅದೇ ಕಟ್ಟೆ ಹತ್ತಿ ನೈರ್ಮಲ್ಯದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ದ ಮುಖ್ಯ ಅತಿಥಿ ಇದೇ ಇನ್‌ಸ್ಪೆಕ್ಟರು.

ಅವರು ಕಟ್ಟೆಯನ್ನು ಬಹಳ ಹೊತ್ತು ನೋಡಿದರು. “ಅವತ್ತೇ ಏನೋ ವಾಸನೆ ಬಂತು ಕಣ್ರೀ. ನೀವು ಹಾಕಿದ ಹಾರ ಹಳೇದು ಅಂದ್ಕೊಂಡು ಸುಮ್ಮನಾಗಿದ್ದೆ” ಅಂದರು.

ಕೊಲೆ ಆರೋಪ

ಬಾವುಟದ ಕಂಬವನ್ನು ಬ್ಯಾಂಡ್ ಬಾರಿಸುತ್ತಾ ಗೌರವದಿಂದ ಬೇರೆ ಕಡೆಗೆ ಸಾಗಿಸಿ, ಕಟ್ಟೆ ಬಿಚ್ಚಿಸಿ, ಚಪ್ಪಡಿ ಎತ್ತಿಸಿದ್ದಾಯಿತು. ಶಾಲಾ ಸಮಿತಿಯ ಅಧ್ಯಕ್ಷರೂ ಬಂದಿದ್ದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ವಲ್ಲಿ, ಜವಳಿ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಶಾಲೆಯನ್ನೇ ಅಂಗಡಿಯಂತೆ ನೋಡಿಕೊಳ್ಳುತ್ತಿದ್ದ ಸಾಧು ಮನುಷ್ಯರು.

ಇನ್‌ಸ್ಪೆಕ್ಟರು ಬಗ್ಗಿ ನೋಡಿ, ನಡುವೆ ಗೋಡೆ ಇಲ್ಲ, ಗಾಳಿ ಹೋಗಲು ಕೊಳವೆ ಇಲ್ಲ, ಹೊರಗೆ ಹೋಗುವ ನೀರಿಗೆ ಇಂಗುಗುಂಡಿ ಇಲ್ಲ ಅಂದರು. “ಶಾಲೆಯ ನೀರು ಶಾಲೆಯ ನೆಲದಲ್ಲೇ ಇಂಗಬೇಕು, ಬೇಲಿ ದಾಟಬಾರದು. ಅದಿರಲಿ, ನೀವು ಕಕ್ಕಸಿಗೆ ಫಿನೈಲ್ ಹಾಕ್ತೀರಾ?”

ಹೆಡ್‌ಮಿಸ್ಟ್ರೆಸ್ ಈ ಒಂದು ಪ್ರಶ್ನೆಗಾಗಿಯೇ ಕಾದಿದ್ದವರಂತೆ ಮುಂದೆ ಬಂದರು. “ಪ್ರತಿ ಸೋಮವಾರ ಬೆಳಿಗ್ಗೆ ಸಾರ್. ನಾನೇ ಎದುರಿಗೆ ನಿಂತು, ಒಂದು ಇಡೀ ಡಬ್ಬ ಸುರಿಸ್ತೀನಿ.”

“ಎಲ್ಲಾ ಕ್ರಿಮಿಗಳನ್ನೂ ಕೊಂದುಬಿಟ್ಟಿದೀರಿ.”

“ಕೊಲ್ಲೋದಕ್ಕೇ ಅಲ್ವಾ ಹಾಕೋದು?”

“ಅಯ್ಯೋ, ಟ್ಯಾಂಕಿನಲ್ಲಿ ಕೆಲಸ ಮಾಡೋವೇ ಅವು ಕಣ್ರೀ. ಕೊಳೆನೆಲ್ಲ ತಿಂದು ಕರಗಿಸೋವು. ಅವನ್ನ ಸಾಕಬೇಕು. ಇವತ್ತಿನಿಂದ ಫಿನೈಲ್ ನಿಲ್ಲಿಸಿ, ಒಂದು ಬುಟ್ಟಿ ಸಗಣಿ ಕದಡಿ ಹಾಕಿಸಿ.”

ಹೆಡ್‌ಮಿಸ್ಟ್ರೆಸ್ ಕುರ್ಚಿ ತರಿಸಿಕೊಂಡು ಕೂತುಬಿಟ್ಟರು. ಹನ್ನೆರಡು ವರ್ಷದ ಶುಚಿತ್ವ ಅವರ ಕಣ್ಣೆದುರೇ ಅಪರಾಧವಾಗಿತ್ತು. ಅವರನ್ನು ಸಮಾಧಾನ ಮಾಡಲು ಅಧ್ಯಕ್ಷರು ಮೆಲ್ಲಗೆ ಅಂದರು: “ಹೋಗ್ಲಿ ಬಿಡಿ ತಾಯಿ. ಆದರೂ ಅಷ್ಟೊಂದು ಜೀವ ನಮ್ಮ ಶಾಲೇಲಿ ದುಡೀತಿದ್ವು, ಒಂದಾದರೂ ಸಂಬಳ ಜಾಸ್ತಿ ಮಾಡಿ ಅಂತ ಕೇಳಲಿಲ್ಲ ನೋಡಿ.” ಹಾಗೆಂದು ಉಪಾಧ್ಯಾಯಿನಿಯರಾದ ನಮ್ಮ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ಸೋಮವಾರದ ಹಾಲು

ಅಧ್ಯಕ್ಷರ ಮನೆ ಶಾಲೆಯ ಗೋಡೆಗೆ ಅಂಟಿಕೊಂಡೇ ಇತ್ತು, ಸ್ವಲ್ಪ ತಗ್ಗಿನಲ್ಲಿ. ಅವರ ಹಿತ್ತಲಿನಲ್ಲಿ ಕಲ್ಲಿನ ಸಂದಿಯಿಂದ ಒಂದು ಸಣ್ಣ ಒರತೆ ಒಸರುತ್ತಿತ್ತು. ಬಡಾವಣೆಯಲ್ಲಿ ಅದಕ್ಕೆ ಗಂಗಮ್ಮ ಎಂದೇ ಹೆಸರು. ಅಧ್ಯಕ್ಷರು ಸುತ್ತ ಕಲ್ಲು ಕಟ್ಟಿಸಿ, ದಿನಾ ಹೂವಿಟ್ಟು ಕೈ ಮುಗಿಯುತ್ತಿದ್ದರು. ಬಂದವರಿಗೆಲ್ಲ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸುತ್ತಿದ್ದರು. ಸದ್ಯ, ಕುಡಿಯುವ ಪದ್ಧತಿ ಇರಲಿಲ್ಲ.

ಟ್ಯಾಂಕಿನಿಂದ ಹೊರಟ ಮಣ್ಣಿನ ಕೊಳವೆ ನಾಲ್ಕು ಮಾರು ದೂರದಲ್ಲೇ ಒಡೆದುಹೋಗಿತ್ತು. ಮುಂದೆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ ನಾವು ಪೇಚಾಡುತ್ತಿದ್ದ ದಿನಗಳಲ್ಲೇ ಒಂದು ಮಧ್ಯಾಹ್ನ ಅಧ್ಯಕ್ಷರು ಸ್ಟಾಫ್ ರೂಮಿಗೆ ಬಂದರು. ಮುಖ ಬಾಡಿತ್ತು.

“ನೀವು ಸೈನ್ಸು ಓದಿದವರು ತಾಯಿ, ನಿಮ್ಮನ್ನೇ ಕೇಳೋಣ ಅಂತ ಬಂದೆ. ನಮ್ಮ ಗಂಗಮ್ಮ ಪ್ರತಿ ಸೋಮವಾರ ಹಾಲಿನ ಬಣ್ಣಕ್ಕೆ ತಿರುಗೋಳು. ಶಿವನ ವಾರ ನೋಡಿ. ಒಂಥರಾ ಔಷಧಿ ವಾಸನೆ ಬೇರೆ. ಈಗ ಎರಡು ಸೋಮವಾರದಿಂದ ಹಾಲೂ ಇಲ್ಲ, ವಾಸನೆಯೂ ಇಲ್ಲ. ನನ್ನಿಂದ ಏನು ತಪ್ಪಾಯ್ತೋ.”

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುತ್ತಾ, “ವರ್ಷವೆಲ್ಲ ನೀರಿರತ್ತಾ?” ಎಂದು ಕೇಳಿದೆ.

“ಏಪ್ರಿಲ್, ಮೇನಲ್ಲಿ ಇರಲ್ಲ. ತವರಿಗೆ ಹೋಗ್ತಾಳೆ. ಜೂನ್‌ನಲ್ಲಿ ತಪ್ಪದೆ ಬರ್ತಾಳೆ. ದಸರೇಲೂ ಒಂದಷ್ಟು ದಿನ ಹೋಗಿಬರ್ತಾಳೆ. ಭಾನುವಾರ ಮಾತ್ರ ಸ್ವಲ್ಪ ಸೊರಗಿರ್ತಾಳೆ.”

ನಮ್ಮ ಶಾಲೆಯ ರಜಾಪಟ್ಟಿಯನ್ನು ಅಷ್ಟು ಭಕ್ತಿಯಿಂದ ಒಪ್ಪಿಸಿದವರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಮಂಗಳವಾರದ ಕೆಂಪು

ಇನ್‌ಸ್ಪೆಕ್ಟರಿಗೆ ವಿಷಯ ಹೇಳಿದೆ. ಅವರೂ ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು. “ಅನುಮಾನ ಸಾಲದು. ಬಣ್ಣ ಸುರಿದು ನೋಡೋಣ” ಅಂದರು. ಕ್ರಾಫ್ಟ್ ಕ್ಲಾಸಿನಲ್ಲಿ ನೂಲಿಗೆ ಹಾಕುವ ಕೆಂಪು ಬಣ್ಣವಿತ್ತು. ಸೋಮವಾರ ಸಂಜೆ ಅದನ್ನು ಬಕೆಟ್ಟಿನಲ್ಲಿ ಕದಡಿ ಕಕ್ಕಸಿಗೆ ಸುರಿದು, ಮೇಲೆ ಹತ್ತಾರು ಕೊಡ ನೀರು ಹುಯ್ಯಿಸಿದೆ. ಮರುದಿನ ಯಾವ ವಾರ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಶಾಲೆಗೆ ಹೋದರೆ ಅಧ್ಯಕ್ಷರ ಮನೆಯ ಮುಂದೆ ಕಾಲಿಡಲು ಜಾಗವಿಲ್ಲ. ದೇವಿಯ ವಾರದ ದಿನ ಗಂಗಮ್ಮ ಕುಂಕುಮದ ಬಣ್ಣ ತಾಳಿದಾಳೆ ಎಂದು ಸುದ್ದಿ ಬೀದಿ ಬೀದಿ ಹಬ್ಬಿತ್ತು. ಹಿತ್ತಲಿನ ತುಂಬ ಹೆಂಗಸರು, ಊದುಬತ್ತಿ, ಹಣ್ಣುಕಾಯಿ. ಎಲ್ಲರಿಗಿಂತ ಮುಂದೆ, ತಾಮ್ರದ ತಂಬಿಗೆ ಹಿಡಿದು ನಿಂತಿದ್ದವರು ನಮ್ಮ ಅತ್ತೆ.

“ಬಾರೆ ಇಲ್ಲಿ. ನಿಮ್ಮ ಶಾಲೆ ಪಕ್ಕದಲ್ಲೇ ಇಂಥಾ ಮಹಿಮೆ ಇಟ್ಕೊಂಡು ಒಂದು ದಿನ ಮನೇಲಿ ಬಾಯಿ ಬಿಟ್ಟಿದೀಯಾ?” ಎಂದು ನನ್ನ ನೆತ್ತಿಯ ಮೇಲೂ ನಾಲ್ಕು ಹನಿ ಹಾಕಿದರು. ನಾನು ಉಸಿರು ಬಿಗಿಹಿಡಿದು ನಿಂತೆ.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ಕೆಂಪು ನೀರನ್ನು ನೋಡಿ ನನ್ನ ಕಡೆ ತಲೆಯಾಡಿಸಿದರು. ಆಮೇಲೆ ಆರತಿ ತಟ್ಟೆ ಹಿಡಿದು ಹಾಡು ಹೇಳುತ್ತಿದ್ದವರ ಕಡೆ ತಿರುಗಿದವರು ಹಾಗೇ ಕಲ್ಲಾದರು. ಹಾಡುತ್ತಿದ್ದದ್ದು ಅವರ ಹೆಂಡತಿ.

ಅಧ್ಯಕ್ಷರಿಗೆ ಹೇಳಿದ್ದು

ಯಾರು ಹೇಳುವುದು? ಹೆಡ್‌ಮಿಸ್ಟ್ರೆಸ್ ಎಂದಿನಂತೆ ವಿಜ್ಞಾನ ನನ್ನದು ಅಂದರು. ಇನ್‌ಸ್ಪೆಕ್ಟರು ಇದು ಶಾಲೆಯ ಒಳಗಿನ ವಿಚಾರ ಅಂದರು. ಅಧ್ಯಕ್ಷರು ಒಪ್ಪದೆ ಇಂಗುಗುಂಡಿ ಇಲ್ಲ, ಇಂಗುಗುಂಡಿ ಇಲ್ಲದೆ ಹತ್ತನೇ ಕ್ಲಾಸಿಲ್ಲ. ಆದರೆ ಗುಂಡಿ ತೋಡಿದರೆ ಗಂಗಮ್ಮ ಬತ್ತುವುದು ಖಂಡಿತ. ಹೂಟಗಳ್ಳಿಯ ಹುಡುಗಿಯ ಮುಖ ನೆನೆದುಕೊಂಡು, ಜನ ಕರಗಿದ ಮೇಲೆ ಅಧ್ಯಕ್ಷರ ಜಗಲಿ ಹತ್ತಿದೆ. ಬಣ್ಣ, ಫಿನೈಲು, ರಜೆ, ಎಲ್ಲವನ್ನೂ ನೆಲ ನೋಡುತ್ತಾ ಹೇಳಿ ಮುಗಿಸಿದೆ.

ಅವರು ವಲ್ಲಿ ತೆಗೆದು ನಿಧಾನವಾಗಿ ತಲೆ ಒರೆಸಿಕೊಂಡರು.

“ಮಕ್ಕಳದ್ದಾ ತಾಯಿ?”

“ಹೌದು.”

“ಬರೀ ಮಕ್ಕಳದ್ದಾ?”

ನಾನು ಮತ್ತೆ ನೆಲ ನೋಡಿದೆ. ಅವರು ಇನ್ನೊಂದು ಸಲ ತಲೆ ಒರೆಸಿಕೊಂಡರು.

ಆಮೇಲೆ ಗೋಡೆಯಾಚೆ ಕೇಳುತ್ತಿದ್ದ ಮಗ್ಗಿಯ ಕಡೆ ಕಿವಿ ಕೊಟ್ಟು ಹೇಳಿದರು: “ನನ್ನ ಮಗಳನ್ನ ಹೈಸ್ಕೂಲು ಮುಗಿಸೋಕೆ ಬಿಡದೆ ಮದುವೆ ಮಾಡಿದವನು ನಾನು. ಅವಳು ಈಗಲೂ ಕಾಗದದಲ್ಲಿ ಶಾಲೆ ಹೇಗಿದೆ ಅಂತಲೇ ಕೇಳ್ತಾಳೆ. ಗುಂಡಿ ತೋಡಿಸಿ. ಜನಕ್ಕೆ ಮಾತ್ರ ಏನೂ ಹೇಳಬೇಡಿ, ಎಷ್ಟು ಜನರ ತಲೆ ಮೇಲೆ ಚಿಮುಕಿಸಿದೀನಿ ಅಂತ ನನಗೇ ಲೆಕ್ಕವಿಲ್ಲ.”

ನನಗೆ ಕಣ್ಣು ತುಂಬಿ ಬಂತು. ಎದ್ದು ನಮಸ್ಕಾರ ಮಾಡಿದೆ. ಅವರು ಅಭ್ಯಾಸಬಲದಿಂದ ಆಶೀರ್ವಾದಕ್ಕೆ ಗಂಗಮ್ಮನ ನೀರಿನ ತಂಬಿಗೆಯ ಕಡೆ ಕೈ ಚಾಚಿದರು, ಹಾಗೇ ಹಿಂದಕ್ಕೆ ತೆಗೆದುಕೊಂಡರು.

ಗಂಗಮ್ಮ ಎಲ್ಲಿ ಹೋದಳು

ಬೇಸಗೆ ರಜೆಯಲ್ಲಿ ಟ್ಯಾಂಕಿಗೆ ನಡುಗೋಡೆ ಎದ್ದಿತು, ಗಾಳಿಕೊಳವೆ ನಿಂತಿತು, ಹಿಂಬದಿಯ ಮೂಲೆಯಲ್ಲಿ ಜಲ್ಲಿ ತುಂಬಿದ ಇಂಗುಗುಂಡಿಯಾಯಿತು. ಇನ್‌ಸ್ಪೆಕ್ಟರು ಒಪ್ಪಿಗೆ ಕೊಟ್ಟರು. ಜೂನ್‌ನಲ್ಲಿ ಹತ್ತನೇ ತರಗತಿ ಶುರುವಾಯಿತು. ಹೂಟಗಳ್ಳಿಯ ಹುಡುಗಿ ಮೊದಲನೇ ಬೆಂಚಿನಲ್ಲಿ ಕೂತಳು. ಅವಳನ್ನು ನೋಡಿ ನನಗೆ ಆ ಗುಂಡಿಗೇ ಕೈ ಮುಗಿಯಬೇಕು ಅನ್ನಿಸಿತು.

ಆದರೆ ಅಧ್ಯಕ್ಷರ ಹಿತ್ತಲಿಗೆ ಗಂಗಮ್ಮ ತವರಿನಿಂದ ಮರಳಲಿಲ್ಲ. ಜನ ಬಂದು ಬಂದು ಕೇಳತೊಡಗಿದರು. ಪಾಪ, ಆ ಮನುಷ್ಯ ಹುಟ್ಟಿದಾರಭ್ಯ ಸುಳ್ಳು ಹೇಳಿದವರಲ್ಲ. ಅಂಗಡಿಯಲ್ಲಿ ಗಜದ ಲೆಕ್ಕದಲ್ಲೂ ಒಂದು ಬೆರಳು ಹೆಚ್ಚೇ ಕತ್ತರಿಸಿ ಕೊಡುತ್ತಿದ್ದವರು. ತಡೆಯಲಾರದೆ ಒಂದು ದಿನ ಹೇಳಿಬಿಟ್ಟರಂತೆ: “ಗಂಗಮ್ಮ ಶಾಲೆಗೆ ಹೋದಳು.”

ಮರುದಿನ ನಾನು ಹತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೇನೆ, ಹೊರಗೆ ಗದ್ದಲ. ನೋಡಿದರೆ ನಮ್ಮ ಅತ್ತೆ, ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ, ಹಿಂದೆ ಬೀದಿಯ ಹೆಂಗಸರೆಲ್ಲ. ಇವರು ನೇರ ಇಂಗುಗುಂಡಿಗೆ ಹೋಗಿ ಪೂಜೆ ಶುರುಮಾಡಿದರೆ ನನ್ನ ಗತಿಯೇನು?

“ಗಂಗಮ್ಮ ಇಲ್ಲಿಗೆ ಬಂದ್ಬಿಟ್ಟಿದಾಳಂತಲ್ಲೇ. ಎಲ್ಲಿ ತೋರಿಸು” ಅಂದರು ಅತ್ತೆ.

ಹಿಂದಿನಿಂದ ಹೆಡ್‌ಮಿಸ್ಟ್ರೆಸ್ ಓಡಿ ಬಂದರು. ಹೆಂಗಸರು ಹಿಂಬದಿಯ ಮೂಲೆಯ ಕಡೆ ತಿರುಗುವುದರೊಳಗೆ ಅತ್ತೆಯ ಕೈ ಹಿಡಿದು ತರಗತಿಯ ಒಳಗೆ ಕರೆತಂದು, ಎದ್ದು ನಿಂತಿದ್ದ ಹುಡುಗಿಯರ ಕಡೆ ಕೈ ತೋರಿಸಿ, “ಇಲ್ಲೇ ಇದಾಳೆ ಅಮ್ಮ” ಅಂದರು.

ಅತ್ತೆ ಒಬ್ಬೊಬ್ಬಳನ್ನೇ ಕಣ್ಣು ಕಿರಿದು ಮಾಡಿ ನೋಡಿದರು. “ಇವರಲ್ಲಿ ಯಾರು?”

“ಎಲ್ಲರೂ” ಅಂದರು ಹೆಡ್‌ಮಿಸ್ಟ್ರೆಸ್.

ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅತ್ತೆಯ ಕಣ್ಣು ಒದ್ದೆಯಾಯಿತು. ಮೊದಲನೇ ಬೆಂಚಿನಿಂದ ಹಿಡಿದು ಪ್ರತಿ ಹುಡುಗಿಯ ಹಣೆಗೂ ಕುಂಕುಮವಿಟ್ಟು, ಕೆನ್ನೆ ನೇವರಿಸಿ, ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ನಮ್ಮಿಬ್ಬರ ಮುಂದೆ ಬಂದು ತಟ್ಟೆ ಹಿಡಿದು ನಿಂತರು.

“ಮತ್ತೆ ನೀವುಗಳು?”

ಹೆಡ್‌ಮಿಸ್ಟ್ರೆಸ್ ಸೆರಗು ಸರಿಮಾಡಿಕೊಂಡು, ಹಣೆ ಮುಂದೆ ಮಾಡಿ ಹೇಳಿದರು: “ನಮ್ಮದೂ ಅಷ್ಟಿಷ್ಟು ಸೇರಿದೆ ಅಮ್ಮ.”