ಕೇಳಿದರೆ ಕುದುರೆ, ಕೇಳದಿದ್ದರೆ ಕಾಲಾಳು

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಸುಮ್ಮನೆ ಕೂರಬಲ್ಲ ಇನ್ನೊಬ್ಬ ಮನುಷ್ಯ ಇಡೀ ತಿಪಟೂರು ತಾಲ್ಲೂಕಿನಲ್ಲಿ ಇರಲಿಲ್ಲ. ಸೋಮಾರಿ ಎಂದುಕೊಳ್ಳಬೇಡಿ, ತೆಂಗಿನ ತೋಟದಲ್ಲಿ ನಾಲ್ಕಾಳಿನ ಕೆಲಸ ಒಬ್ಬನೇ ಮಾಡುತ್ತಿದ್ದ. ಅವನು ಕೂರುತ್ತಿದ್ದುದು ಚದುರಂಗದ ಮುಂದೆ, ಅದೂ ಸೋಲುವ ಹೊತ್ತಿಗೆ ಸರಿಯಾಗಿ!

ಅದು ಮಾಮೂಲಿ ಚದುರಂಗವಲ್ಲ. ತುಮಕೂರಿನಿಂದ ರೈಲಿನಲ್ಲಿ ಬರುವಾಗ ಯಾರೋ ಕಾಲೇಜು ಹುಡುಗರು ಆಡುತ್ತಿದ್ದುದನ್ನು ನೋಡಿ ಕಲಿತನಂತೆ. ಕಲಿಯುವ ಭರದಲ್ಲಿ ತಿಪಟೂರಿನಲ್ಲಿ ಇಳಿಯುವುದನ್ನೇ ಮರೆತು ಅರಸೀಕೆರೆ ನೋಡಿಕೊಂಡು ಬಂದ. ಎರಡು ಹಲಗೆ, ನಾಲ್ಕು ಜನ, ಇಬ್ಬಿಬ್ಬರು ಜೊತೆ. ಜೊತೆಯಲ್ಲಿ ಒಬ್ಬರಿಗೆ ಬಿಳಿ, ಇನ್ನೊಬ್ಬರಿಗೆ ಕರಿ. ನಾನು ಬಿಳಿ ಆಡುತ್ತಾ ಎದುರಾಳಿಯ ಕರಿ ಕುದುರೆ ಹೊಡೆದರೆ ಅದು ಡಬ್ಬಿಗೆ ಹೋಗುವುದಿಲ್ಲ, ಪಕ್ಕದಲ್ಲಿ ಕರಿ ಆಡುತ್ತಿರುವ ಮಾವನ ಕೈಗೆ ಹೋಗುತ್ತದೆ. ಅವನು ಒಂದು ನಡೆಯ ಬದಲು ಅದನ್ನು ತನ್ನ ಹಲಗೆಯ ಯಾವ ಖಾಲಿ ಮನೆಯಲ್ಲಾದರೂ ಇಡಬಹುದು! ಕಾಲಾಳನ್ನು ಮಾತ್ರ ಮೊದಲ ಸಾಲಿಗೂ ಕೊನೆಯ ಸಾಲಿಗೂ ಇಡುವಂತಿಲ್ಲ. ಕೊನೆ ಮುಟ್ಟಿ ಮಂತ್ರಿಯಾದ ಕಾಲಾಳು ಏಟು ತಿಂದು ಪಕ್ಕದ ಹಲಗೆಗೆ ಬಂದರೆ ಮತ್ತೆ ಬರೀ ಕಾಲಾಳು. "ಬಡ್ತಿನ ಆ ಆಫೀಸಲ್ಲೇ ಬುಟ್ಟು ಬರ್ಬೇಕು ಕಣಪ್ಪ," ಎನ್ನುತ್ತಿದ್ದ ಮಾವ. ಒಂದು ಹಲಗೆಯಲ್ಲಿ ರಾಜ ಸಿಕ್ಕಿಬಿದ್ದರೂ ಎರಡೂ ಕಡೆ ಆಟ ಮುಗಿಯಿತು.

ಇವನು ಕೂರುತ್ತಿದ್ದುದು ಇಲ್ಲಿಯೇ. ತನ್ನ ರಾಜನಿಗೆ ಕುತ್ತು ಬಂದರೆ ಪಕ್ಕದಿಂದ ಬೇಕಾದ ಕಾಯಿ ಬರುವವರೆಗೆ ಕೈಕಟ್ಟಿ ಕೂತುಬಿಡುತ್ತಿದ್ದ. ಎದುರಾಳಿಗಳು ಬಿಳಿಗೆರೆಯ ಅಂಗಡಿಯವರು ಮತ್ತು ಪೋಸ್ಟ್‌ಮ್ಯಾನ್.

"ಆಡ್ರೀ, ಊರಿನ ಕಾಗ್ದವೆಲ್ಲ ಇನ್ನೂ ಚೀಲದಾಗವೆ!" ಎಂದು ಪೋಸ್ಟ್‌ಮ್ಯಾನ್ ಗೋಗರೆಯುತ್ತಿದ್ದರು.

"ಜೊತೆಯೋರು ಕಾಯಿ ಕೊಟ್ರೆ ಆಡ್ತೀನಿ."

"ಯಾವಾಗ ಕೊಡ್ತಾರೆ?"

"ಕೊಟ್ಟಾಗ."

ಕೊನೆಗೆ ಅಂಗಡಿಯವರು ಒಂದು ಕಾನೂನು ತಂದರು. ತೂತಿರುವ ಕರಟವನ್ನು ಬಕೆಟ್ಟಿನ ನೀರಲ್ಲಿ ತೇಲಿಬಿಡುವುದು, ಅದು ತುಂಬಿ ಮುಳುಗುವುದರೊಳಗೆ ನಡೆ ಇಡುವುದು. ಮಾವ ತಕ್ಷಣ ಒಪ್ಪಿ, ತೂತು ಕೊರೆಯುವ ಕೆಲಸವನ್ನೂ ತಾನೇ ವಹಿಸಿಕೊಂಡ. ಎಂಥ ತೂತು! ಸೂಜಿಯೂ ತಿಣುಕಿ ತೂರಬೇಕಿತ್ತು. ಮೊದಲ ದಿನ ಕರಟ ಮುಳುಗುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಊರೆಲ್ಲ ಸುತ್ತಿ ಕಾಗದ ಹಂಚಿ ಬಂದಿದ್ದರು.

ಇಂಥವನ ಜೊತೆ ಆಡುವವರು ಒಬ್ಬೊಬ್ಬರೇ ಜಾರಿಕೊಂಡ ಮೇಲೆ ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಸಿಕ್ಕಿದೆ. ಈ ಆಟದಲ್ಲಿ ಜೊತೆಗಾರನನ್ನು ಏನು ಬೇಕೆಂದು ಕೂಗಿ ಕೇಳಬಹುದು, ಕೇಳಲೇಬೇಕು. ಕೇಳಿದರೆ ಮಾವ ತನ್ನ ಆನೆ ಕಳೆದುಕೊಂಡಾದರೂ ಕುದುರೆ ಹೊಡೆದು ಕೊಡುತ್ತಿದ್ದ. ಕೇಳದಿದ್ದರೆ ಕಾಲಾಳು, ಮತ್ತೆ ಕಾಲಾಳು, ಇನ್ನೂ ಒಂದು ಕಾಲಾಳು! ನನಗೋ ಕೇಳುವ ಅಭ್ಯಾಸವೇ ಇಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ ಹಾಗೇ ಉಂಡು ಏಳುವವಳು. ಊರವರು ಅದನ್ನು ಹೊಗಳುತ್ತಿದ್ದರು ಬೇರೆ.

"ನಿನ್ ಮನಸಲ್ಲಿರೋದು ತಿಳ್ಕಳಕ್ಕೆ ನಾನೇನ್ ಕಣಿ ಹೇಳೋನೇನೇ?" ಎಂದು ಮಾವ ರೇಗುತ್ತಿದ್ದ. ನಾವು ದಿನವೂ ಸೋಲುತ್ತಿದ್ದೆವು.

ಮನಸ್ಸಿನಲ್ಲಿದ್ದುದು ಬಿ.ಎಸ್ಸಿ. ತಿಪಟೂರಿನ ಕಾಲೇಜಿನಿಂದ ಅರ್ಜಿ ತಂದು, ಅಪ್ಪನ ಮುಂದೆ ಹಿಡಿಯಲು ಧೈರ್ಯ ಸಾಲದೆ, ನಾಲ್ಕಾಗಿ ಮಡಿಚಿ ಮಾವನ ಚದುರಂಗದ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದೆ. ಅಷ್ಟರಲ್ಲಿ ತುರುವೇಕೆರೆ ಕಡೆಯ ಸಂಬಂಧ ಬಂತು. ಒಳ್ಳೆಯ ಜನ, ಹುಡುಗನಲ್ಲೂ ಕೊರತೆಯಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ವೀಳ್ಯಶಾಸ್ತ್ರ ಎಂದು ನಿಶ್ಚಯವಾಯಿತು. ತಟ್ಟೆ ಬದಲಾದರೆ ಮಾತು ಮುಗಿದಂತೆ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಮ್ಮ ಕಡೆಯ ತಟ್ಟೆ ಎತ್ತಿಕೊಡಬೇಕಾದವನು ಸೋದರಮಾವ. ಎಲೆ, ಅಡಿಕೆ, ತೆಂಗಿನಕಾಯಿ ಇದ್ದ ತಟ್ಟೆಯನ್ನು ಎತ್ತಿಕೊಂಡವನು ತೊಡೆಯ ಮೇಲಿಟ್ಟುಕೊಂಡು ಚಾಪೆಯಲ್ಲೇ ಕೂತುಬಿಟ್ಟ. ಆ ಕೂರುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು!

"ಕೊಡೋ, ಹತ್ತೂವರೆಗೆ ರಾಹುಕಾಲ ಬತ್ತದೆ," ಎಂದಳು ಅಮ್ಮ.

"ನನ್ ಜೊತೆಯೋಳು ಇನ್ನೂ ಏನೂ ಕೇಳಿಲ್ಲ ಕಣಕ್ಕ."

"ಇದೇನ್ ನಿನ್ ಹಲಗೆ ಆಟವಾ?" ಅಪ್ಪ ಗದರಿದ.

ಮಾವ ಅಲ್ಲಾಡಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆಗೊಮ್ಮೆ ನೋಡಿದ, ಅಷ್ಟೇ. ಹತ್ತೂಕಾಲಾಯಿತು. ನೆಂಟರು ಎರಡನೇ ಸಲ ಕಾಫಿ ಕುಡಿದರು. ಹತ್ತು ಇಪ್ಪತ್ತೈದಾಯಿತು. ನಾನು ಹೊಸ್ತಿಲು ದಾಟಿ ಈಚೆ ಬಂದೆ.

"ಅಪ್ಪ, ನಾನು ಓದ್ಬೇಕು. ಬಿ.ಎಸ್ಸಿ. ಸೇರ್ಬೇಕು."

ಗಂಡಿನ ಕಡೆಯ ಹಿರಿಯರು ಲೋಟ ಕೆಳಗಿಟ್ಟು, "ಓದೋ ಮಗೀನ ಯಾಕೆ ಕಟ್ಟಾಕ್ತೀರಿ, ಬುಡಿ," ಎಂದು ಎದ್ದರು. ಅಪ್ಪ ಮೂರು ತಿಂಗಳು ಮಾವನ ಜೊತೆ ಮಾತು ಬಿಟ್ಟ. ಆದರೆ ಅರ್ಜಿಗೆ ಸಹಿ ಹಾಕಿದ.

ಸಹಿಗೆಂದು ಅವತ್ತು ನೆಂಟರು ಹೊರಟ ಕೂಡಲೇ ಹೋಗಿ ಡಬ್ಬಿ ತೆಗೆದಿದ್ದೆ. ಅರ್ಜಿಯ ಮಡಿಕೆಗಳನ್ನು ಯಾರೋ ಬಿಡಿಸಿ, ನೀಟಾಗಿ ತೀಡಿ, ಸುಕ್ಕಾಗದಂತೆ ಎರಡು ಹಲಗೆಗಳ ನಡುವೆ ಇಟ್ಟಿದ್ದರು. ಯಾರೋ ಏನು, ಆ ಡಬ್ಬಿ ತೆಗೆಯುತ್ತಿದ್ದವನು ಒಬ್ಬನೇ. ನನಗೆ ಅಳು ತಡೆಯಲಾಗಲಿಲ್ಲ. ತಿರುಗಿ ಬಂದಾಗ ಮಾವ ಇನ್ನೂ ಅದೇ ಚಾಪೆಯ ಮೇಲಿದ್ದ.

"ಗೊತ್ತಿತ್ತಲ್ಲ ಮಾವ, ನೀನೇ ಹೇಳ್ಬಹುದಿತ್ತಲ್ಲ?"

"ಕೇಳೋದು ನಿನ್ ಕೆಲ್ಸ. ಕೂರೋದು ನಂದು," ಎಂದ. ಆಮೇಲೆ ಮೆಲ್ಲಗೆ, "ಈಗ ನಾನ್ ಕೇಳ್ತೀನಿ. ಹಿಡಿದು ಎಬ್ಬಿಸೇ, ಎರಡೂ ಕಾಲು ಜೋಮು ಹಿಡಿದವೆ."